ಕಾಲುಂಗುರ ತಿರುಗಿಸಿದಾಗ

ಕುರುಗೋಡು
೪ ಸೆಪ್ಟೆಂಬರ್ ೨೦೨೫

ರೆಸ್ಪೆಕ್ಟೆಡ್ ಹೇಮಾ ಮೇಡಂ ಅವರಿಗೆ,

ಮೈಲಾರಪ್ಪ ಮಾಡುವ ನಮಸ್ಕಾರಗಳು. ಹೆಸರಿನಿಂದ ಗುರುತು ಸಿಗದಿದ್ದರೆ ಹೊನ್ನೂರಮ್ಮನ ಗಂಡ ಎಂದರೆ ಸಿಗಬಹುದು. ಮಾಳಿಗೆ ಮೇಲೆ ಮೆಣಸಿನಕಾಯಿ ಒಣಹಾಕಲು ಹೋಗಿ ಬಿದ್ದು, ಬೆನ್ನುಹುರಿ ಕಡಿದು, ಎದೆಯಿಂದ ಕೆಳಗೆ ಏನೂ ಇಲ್ಲದಂತಾದವಳು. ನೀವು ಬಳ್ಳಾರಿಯಿಂದ ವಾರಕ್ಕೆ ಎರಡು ಸಲ ಬಸ್ಸಿಗೆ ಬಂದು ಅವಳ ಕಾಲು ಮಡಚಿ ಬಿಡಿಸಿ ವ್ಯಾಯಾಮ ಮಾಡಿಸುತ್ತಿದ್ದಿರಿ. ಈಗ ಸಿರುಗುಪ್ಪದಲ್ಲಿ ಸ್ವಂತ ಕ್ಲಿನಿಕ್ ಇಟ್ಟಿದ್ದೀರೆಂದು ಬಳ್ಳಾರಿಯ ಆಸ್ಪತ್ರೆಯ ಕೌಂಟರಿನಲ್ಲಿ ತಿಳಿಯಿತು. ಕಂಗ್ರಾಜುಲೇಷನ್ಸ್. ಫೋನ್ ನಂಬರೂ ಬರೆದುಕೊಟ್ಟರು, ಆದರೆ ನನ್ನ ಕಿವಿಯ ಹಣೆಬರಹ ನಿಮಗೆ ಗೊತ್ತು. ಫೋನಿನಲ್ಲಿ ಯಾರು ಮಾತಾಡಿದರೂ ಜೀರುಂಡೆ ಕೂಗಿದಂತೆ ಇರುತ್ತದೆ. ಆದ್ದರಿಂದ ಈ ಕಾಗದ. ಕುರುಗೋಡಿನ ಅಂಚೆ ಕಚೇರಿಯಲ್ಲಿ ಕವರ್ ಕೇಳಿದರೆ ಹುಡುಕಿ ಕೊಟ್ಟರು.

ಕಾರ್ತಿಕದಲ್ಲಿ ಅವಳು ಹೋಗಿ ವರ್ಷವಾಗುತ್ತದೆ. ಎಡೆ ಇಡಬೇಕು. ನಾದಿನಿ ಗಾದೆಮ್ಮ, ಅಂದರೆ ಅವಳ ತಂಗಿ, ನಿಮಗೆ ಚಹಾ ಕೊಡುತ್ತಿದ್ದಳಲ್ಲ, ಅವಳು ಈಗಲೇ ಹೋಳಿಗೆಗೆ ಬೇಳೆ ಎಷ್ಟು ಎಂದು ಶುರು ಮಾಡಿದ್ದಾಳೆ. ಅಡುಗೆ ಆಕೆ ಮಾಡುತ್ತಾಳೆ. ಎಡೆ ಇಡಬೇಕಾದ ಕೈ ನನ್ನದು. ಅದಕ್ಕೆ ಮೊದಲು ಒಂದು ಸಂಗತಿ ತಿಳಿದುಕೊಳ್ಳಬೇಕಾಗಿದೆ. ವಿಜ್ಞಾನದ ಸಂಗತಿ. ನಾನೂ ಬಿಎಸ್ಸಿ ಮೊದಲ ವರ್ಷದವರೆಗೆ ಓದಿದವನೇ, ಆಮೇಲೆ ಕಾಲುವೆ ಇಲಾಖೆಗೆ ಸೇರಿದೆ.

ನಮ್ಮ ಲಗ್ನದಲ್ಲಿ, ೧೯೮೪ರಲ್ಲಿ, ಕಾಲುಂಗುರ ಹಾಕುವಾಗ ಅವಳು ಕಚಗುಳಿಯಾಗಿ ಪಾದ ಸರಕ್ಕನೆ ಎಳೆದುಕೊಂಡಿದ್ದಳು. ಉಂಗುರ ಉರುಳಿ ಅಕ್ಕಿಯೊಳಗೆ ಬಿತ್ತು. ಹಂದರದಲ್ಲಿದ್ದವರೆಲ್ಲ ನಕ್ಕರು. ಮೂರು ಸಲ ಹಾಕಬೇಕಾಯಿತು. ಅವಳು ಬಿದ್ದ ಮೇಲೆ ಮೊದಲ ಒಂದೂವರೆ ತಿಂಗಳು ಕಾಲುಗಳು ಹಿಂಡಿಟ್ಟ ಬಟ್ಟೆಯಂತೆ ಇದ್ದವು. ಆಮೇಲೆ ಒಂದು ಸಂಜೆ, ಸರಿದಿದ್ದ ಕಾಲುಂಗುರವನ್ನು ನೆಟ್ಟಗೆ ಮಾಡೋಣವೆಂದು ತಿರುಗಿಸಿದೆ. ಪಾದ ಸರಕ್ಕನೆ ಹಿಂದೆ ಹೋಯಿತು! ಮೊಣಕಾಲು ಮಡಚಿತು. ಲಗ್ನದಲ್ಲಿ ಎಳೆದುಕೊಂಡಂತೆಯೇ.

ಅಂದಿನಿಂದ ದಿನಾ ಸಂಜೆ ಒಂದು ಸಲ ತಿರುಗಿಸುವುದು ನನ್ನ ರೂಢಿಯಾಯಿತು. ಗಾಯವಾಗಬಾರದೆಂದು ಎರಡು ತಾಸಿಗೊಮ್ಮೆ ಅವಳನ್ನು ಮಗ್ಗುಲು ಬದಲಿಸಬೇಕಿತ್ತಲ್ಲ, ಸಂಜೆಯ ಮಗ್ಗುಲು ನನಗೆ ಬೆನ್ನು, ಬೀರುವಿನ ಕಡೆ ಮುಖ. ಹಣೆಯ ಕುಂಕುಮ ಸೊಟ್ಟಗಾಗಿರುತ್ತದೆಂದು ಬೀರುವಿನ ಕನ್ನಡಿ ಎದುರಿಗೇ ಮಂಚ ಹಾಕಿಸಿಕೊಂಡಿದ್ದಳು, ಅಲಂಕಾರದ ಹುಚ್ಚು ಹೋಗಿರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಮಿದುಳಿನ ಕಡೆಯಿಂದ ತಂತಿ ಕಡಿದ ಮೇಲೆ ಕಾಲು ಹೇಗೆ ಎಳೆದುಕೊಳ್ಳುತ್ತದೆ? ಕಾಂಟ್ರಾಕ್ಷನ್ ಯಾರ ಹುಕುಂ? ರಿಲ್ಯಾಕ್ಸೇಷನ್ ಯಾರದು? ಆಗ ನೀವು ಹೇಳಿದ್ದಿರಿ, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬರೆದು ತಿಳಿಸಿ.

ಯುವರ್ಸ್ ಒಬಿಡಿಯಂಟ್‌ಲಿ,
ಮೈಲಾರಪ್ಪ

*

ಸಿರುಗುಪ್ಪ
೧೫ ಸೆಪ್ಟೆಂಬರ್ ೨೦೨೫

ಮೈಲಾರಪ್ಪನವರಿಗೆ ಹೇಮಾ ಮಾಡುವ ನಮಸ್ಕಾರ.

ನಿಮ್ಮ ಕಾಗದ ನೋಡಿ ಸಂತೋಷವೂ ಸಂಕಟವೂ ಆಯಿತು. ಹೊನ್ನೂರಮ್ಮನವರನ್ನು ಮರೆಯುವುದು ಹೇಗೆ? ಕ್ಲಿನಿಕ್‌ಗೆ ಗದ್ದೆ ನಾಟಿ ಮಾಡಿ ಸೊಂಟ ಹಿಡಿದವರೇ ಹೆಚ್ಚು ಬರುತ್ತಾರೆ. ಅವರಲ್ಲಿ ಯಾರಾದರೂ ನಗಿಸಿದರೆ ಅವರೇ ನೆನಪಾಗುತ್ತಾರೆ.

ನಿಮ್ಮ ಪ್ರಶ್ನೆಗೆ ತಿಳಿದಷ್ಟು ಬರೆಯುತ್ತೇನೆ. ಬಿಸಿ ಹಂಚು ಮುಟ್ಟಿದಾಗ ಕೈ ತಾನಾಗಿ ಹಿಂದೆ ಬರುತ್ತದಲ್ಲ, ಆಗ ಚರ್ಮದ ಸುದ್ದಿ ಮೊದಲು ಮುಟ್ಟುವುದು ಬೆನ್ನುಹುರಿಗೆ. ಮಿದುಳಿನ ಅಪ್ಪಣೆಗೆ ಕಾಯದೆ ಬೆನ್ನುಹುರಿಯೇ ಉತ್ತರ ಕಳಿಸುತ್ತದೆ. ಮಡಚುವ ಸ್ನಾಯುವಿಗೆ ‘ಬಿಗಿಯಾಗು’, ಅದೇ ಹೊತ್ತಿಗೆ ಅದರ ಎದುರಿನ, ನೀಡುವ ಸ್ನಾಯುವಿಗೆ ‘ಸಡಿಲಾಗು’. ಎರಡೂ ಒಟ್ಟಿಗೆ ಬಿಗಿದರೆ ಕೀಲು ಅಲುಗುವುದೇ ಇಲ್ಲ. ‘ಸುಟ್ಟಿತು’ ಎಂದು ನಮಗೆ ಗೊತ್ತಾಗುವುದು ಆಮೇಲೆ, ಸುದ್ದಿ ಮೇಲಕ್ಕೆ ಹೋದಾಗ.

ಮಿದುಳಿನಿಂದ ಕೆಳಕ್ಕೆ ಇನ್ನೊಂದು ಮಾತು ಸದಾ ಬರುತ್ತಿರುತ್ತದೆ, ‘ಸಾಕು, ಇಷ್ಟೇ’ ಎನ್ನುವ ಮಾತು. ಹುರಿ ಕಡಿದರೆ ಮೊದಲು ಕೆಲವು ವಾರ ಕೆಳಗಿನದೆಲ್ಲ ಸುಮ್ಮನಿರುತ್ತದೆ. ಬಳಿಕ ಕೆಳಗಿನ ಹುರಿ ತನ್ನಷ್ಟಕ್ಕೆ ಎಚ್ಚರಗೊಳ್ಳುತ್ತದೆ. ಆದರೆ ‘ಸಾಕು’ ಎನ್ನುವವರಿಲ್ಲ. ಹಾಸಿಗೆಯ ಸುಕ್ಕು ತಾಗಿದರೂ ಕಾಲು ಸೆಟೆಯುತ್ತದೆ, ನಡುಗುತ್ತದೆ. ನೀವು ಉಂಗುರ ತಿರುಗಿಸಿದಾಗ ಆದದ್ದೂ ಅದೇ. ಅದು ಅವರು ಮಾಡಿದ್ದಲ್ಲ, ಅವರಿಗೆ ಗೊತ್ತಾದದ್ದೂ ಅಲ್ಲ.

ಇದನ್ನು ಓದಿ ಬೇಸರಪಡಬೇಡಿ. ನೀವು ನೋಡಿಕೊಂಡಷ್ಟು ಚೆನ್ನಾಗಿ ಯಾರೂ ನೋಡಿಕೊಳ್ಳುವುದಿಲ್ಲ. ವರ್ಷದ ಎಡೆಯನ್ನು ನೆಮ್ಮದಿಯಿಂದ ಇಡಿ.

ಇಂತಿ,
ಹೇಮಾ

*

ಕುರುಗೋಡು
೨೨ ಸೆಪ್ಟೆಂಬರ್ ೨೦೨೫

ಹೇಮಾ ಮೇಡಂ ಅವರಿಗೆ,

ಕಾಗದ ಮುಟ್ಟಿತು. ನಾಲ್ಕು ಸಲ ಓದಿದೆ. ಗಾದೆಮ್ಮ, “ಏನ್ ಭಾವಾ, ಲಗ್ನಪತ್ರಿಕಿ ಓದಿದಂಗ ಓದಾಕತ್ತೀರಿ, ಯಾರ್ದು?” ಎಂದಳು. ಲೈಟ್ ಬಿಲ್ ಎಂದೆ.

ನಿಮ್ಮ ಮಾತು ನನಗೆ ಕಾಲುವೆಯ ಲೆಕ್ಕದಲ್ಲಿ ತಿಳಿಯಿತು. ಒಂದು ಮಳೆಗಾಲ ನಮ್ಮ ಸೆಕ್ಷನ್ ಆಫೀಸಿನ ಟೆಲಿಫೋನ್ ತಂತಿ ಹರಿದು ಬಿತ್ತು. ಕೆಳಗಿನ ತೂಬಿನಲ್ಲಿದ್ದ ಜಂಬಣ್ಣ ನೀರು ಏರಿದಂತೆಲ್ಲ ಗೇಟು ಎತ್ತುತ್ತಲೇ ಹೋದ. ಸಾಕು ಮಾರಾಯ ಎನ್ನಲು ನಾವು ಮೇಲೆ ಇದ್ದೆವು, ನಮ್ಮ ಧ್ವನಿ ಅವನಿಗೆ ಮುಟ್ಟುವಂತಿರಲಿಲ್ಲ. ಮೂರು ಹೊಲದ ಭತ್ತ ಮಲಗಿತು. ಅವನ ತಪ್ಪು ಏನೂ ಇರಲಿಲ್ಲ. ಮೆಮೊ ಮಾತ್ರ ಅವನಿಗೇ ಕೊಟ್ಟರು. ಎಲ್ಲಿಗೋ ಹೋದೆ, ಕ್ಷಮಿಸಿ.

ಮೇಡಂ, ಒಂದು ನಿಜ ಹೇಳುತ್ತೇನೆ. ಇದು ನನಗೆ ಹೊಸದಲ್ಲ. ೧೯೭೮ರಲ್ಲಿ ಬಳ್ಳಾರಿಯಲ್ಲಿ ಕಾಲೇಜಿನ ಪ್ರಾಕ್ಟಿಕಲ್‌ನಲ್ಲಿ ಒಂದು ಕಪ್ಪೆಯ ತಲೆಯ ಮೇಲ್ಭಾಗ ತೆಗೆದು ಸ್ಟ್ಯಾಂಡಿಗೆ ನೇತುಹಾಕಿದ್ದರು. ಸ್ಪೈನಲ್ ಫ್ರಾಗ್ ಎನ್ನುತ್ತಿದ್ದರು. ಆ್ಯಸಿಡ್‌ನಲ್ಲಿ ಅದ್ದಿದ ಕಾಗದದ ಚೂರನ್ನು ಅದರ ಪಕ್ಕೆಗೆ ಅಂಟಿಸಿದರೆ, ತಲೆಯಿಲ್ಲದ ಕಪ್ಪೆ ಹಿಂಗಾಲು ಎತ್ತಿ ಆ ಚೂರನ್ನು ಒರೆಸಿ ಹಾಕಿತು. ಹುಡುಗಿಯರು ಚೀರಿದರು. ಲೆಕ್ಚರರ್ ಕೇಳಿದರು, “ಅದಕ್ಕೆ ಗೊತ್ತಾತೇನ್ರೋ?” ನಾನು ರೆಕಾರ್ಡಿನಲ್ಲಿ ಬರೆದೆ: ದ ಫ್ರಾಗ್ ಡಸ್ ನಾಟ್ ನೋ. ಕೆಂಪು ಶಾಯಿಯಲ್ಲಿ ಗುಡ್ ಎಂದು ಹಾಕಿದರು. ಇಡೀ ಕಾಲೇಜಿನಲ್ಲಿ ನನಗೆ ಸಿಕ್ಕ ಗುಡ್ ಅದೊಂದೇ. ಮುಂದೆ ಎರಡು ಸಬ್ಜೆಕ್ಟ್ ಹೋದವು.

ಹಾಗಾಗಿ ನನಗೆ ಗೊತ್ತಿತ್ತು. ಆದರೆ ಕಪ್ಪೆ ಮಾತಾಡಲಿಲ್ಲ, ಮೇಡಂ. ಇವಳು ಮಾತಾಡಿದಳು. ನನಗೆ ಬೆನ್ನು ಹಾಕಿ ಮಲಗಿದ್ದಾಳೆ, ನಾನು ಅವಳ ಹಿಂದೆ ಸ್ಟೂಲಿನ ಮೇಲೆ ಪಾದದ ಹತ್ತಿರ ಬಗ್ಗಿ ಕೂತಿದ್ದೇನೆ, ಒಂದು ಮಾತಾಡಿಲ್ಲ. ಉಂಗುರ ತಿರುಗಿಸಿದ ತಕ್ಷಣ, “ಥೂ, ಬಿಡ್ರೀ, ಕಚಗುಳಿ ಆಗ್ತತಿ!” ಎನ್ನುತ್ತಿದ್ದಳು. ಒಂದು ದಿನವೂ ತಪ್ಪಲಿಲ್ಲ. ತಿರುಗಿಸದೆ ಸುಮ್ಮನೆ ಕೂತರೆ ಅವಳೂ ಸುಮ್ಮನೆ. ಎಕ್ಸ್‌ಪರಿಮೆಂಟ್ ಸರಿ ಇತ್ತಲ್ಲವೇ? ಹುರಿಯಲ್ಲಿ ಒಂದೆಳೆಯಾದರೂ ಉಳಿದಿತ್ತು ಎಂದಲ್ಲವೇ ಅರ್ಥ?

ಇನ್ನೊಂದು. ಕಾಲಿನ ಬಿಗಿ ಬಹಳ ಹೆಚ್ಚಾದದ್ದು ಯಾವ ತಿಂಗಳಿನಿಂದ ಎಂದು ನೀವು ಬರೆದುಕೊಂಡಿರುತ್ತೀರಿ. ಹಿಮ್ಮಡಿಯ ಗಾಯ ಮೊದಲು ಕಂಡದ್ದು ಯಾವಾಗ? ತಾರೀಖು ಸಮೇತ ಬೇಕು.

ಮೈಲಾರಪ್ಪ

*

ಸಿರುಗುಪ್ಪ
೬ ಅಕ್ಟೋಬರ್ ೨೦೨೫

ಮಾನ್ಯರೇ,

ನಿಮ್ಮ ಪತ್ರ ತಲುಪಿದೆ. ನಾನು ಭೇಟಿ ನೀಡಿದ ಪ್ರತಿ ದಿನದ ವಿವರವನ್ನು ಚಾರ್ಟಿನಲ್ಲಿ ಬರೆದು ಆಸ್ಪತ್ರೆಗೆ ಒಪ್ಪಿಸಿದ್ದೇನೆ. ಬಿಗಿ ಹೆಚ್ಚುತ್ತಿರುವುದನ್ನೂ ದಾಖಲಿಸಿದ್ದೇನೆ. ತಾರೀಖುಗಳು ಬೇಕಿದ್ದರೆ ಅಲ್ಲಿ ಅರ್ಜಿ ಕೊಟ್ಟು ಪಡೆಯಬಹುದು. ಚಿಕಿತ್ಸೆಯ ಬಗ್ಗೆ ದೂರು ಕೊಡುವ ಆಲೋಚನೆಯಿದ್ದರೆ ನೇರವಾಗಿ ಹೇಳಿ. ಹೀಗೆ ಕಪ್ಪೆಯ ಕಥೆಯಲ್ಲಿ ಸುತ್ತಿಕೊಂಡು ಕೇಳುವುದು ಬೇಡ.

ನಿಮ್ಮ ಪತ್ನಿಯ ಬೆನ್ನುಹುರಿ ಪೂರ್ತಿ ತುಂಡಾಗಿತ್ತು. ಎಳೆ ಉಳಿದಿರಲಿಲ್ಲ. ಸ್ಕ್ಯಾನ್ ನಿಮ್ಮ ಹತ್ತಿರವೇ ಇದೆ.

ಹೇಮಾ

*

ಕುರುಗೋಡು
೧೪ ಅಕ್ಟೋಬರ್ ೨೦೨೫

ತಾಯೀ,

ದೂರು ಯಾರ ಮೇಲೆ ಕೊಡಲಿ? ಕೊಟ್ಟರೆ ನನ್ನ ಮೇಲೆ ಕೊಡಬೇಕು. ಅದಕ್ಕೇ ತಾರೀಖು ಕೇಳಿದೆ. ಹೀಗೆ ಸುತ್ತಿ ಬಳಸಿ ಕೇಳಿದ್ದು ತಪ್ಪು. ಐ ಬೆಗ್ ಯುವರ್ ಪಾರ್ಡನ್.

ಮೊನ್ನೆ ಸಂಜೆ ಕರೆಂಟು ಹೋಯಿತು. ಗಾದೆಮ್ಮ ರೊಟ್ಟಿ ತಂದವಳು ನನ್ನ ಹಳೆಯ ಕಾಲುವೆ ಟಾರ್ಚು ತೆಗೆದು ಒತ್ತಿದಳು, ಹತ್ತಲಿಲ್ಲ. ಹಿಂದಿನ ಮುಚ್ಚಳ ತಿರುವಿದಳು. ಸೆಲ್ಲುಗಳ ಬದಲು ಗುಳಿಗೆ ಸುರಿದವು. ಬಿಳಿ ಗುಳಿಗೆ. ನೆಲದ ತುಂಬ ಉರುಳಿದವು.

“ಟಾರ್ಚಿನಾಗ ಗುಳಿಗಿ ಹಾಕಿದ್ರ ಬೆಳಕ ಬರ್ತತೇನ್ ಭಾವಾ?” ಎಂದು ನಕ್ಕಳು. ಆಮೇಲೆ ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ನಗು ನಿಂತಿತು. “ಇವು ಅಕ್ಕನ ಗುಳಿಗಿ ಅಲ್ಲೇನು?”

ನಾನು ಕಿವಿ ಕೇಳದವನಂತೆ ಕೂತೆ. ಅವಳು ರೊಟ್ಟಿ ಇಟ್ಟು ಹೋದಳು. ಆಮೇಲೆ ಬಂದಿಲ್ಲ.

ಅವು ಡಾಕ್ಟರು ಬಿಗಿ ಇಳಿಸಲು ಕೊಟ್ಟಿದ್ದ ಗುಳಿಗೆ, ತಾಯಿ. ಸಂಜೆಯ ಮೂರು ಗುಳಿಗೆಯಲ್ಲಿ ಒಂದು. ಅದನ್ನು ಶುರು ಮಾಡಿದ ಎರಡು ವಾರಕ್ಕೆ ಕಾಲು ಮೆತ್ತಗಾಯಿತು. ನೀವು ‘ಒಳ್ಳೇದಾತು’ ಎಂದಿರಿ. ಅಂದು ಸಂಜೆ ಉಂಗುರ ತಿರುಗಿಸಿದೆ. ಪಾದ ಹಂದಾಡಲಿಲ್ಲ. ಅವಳೂ ಮಾತಾಡಲಿಲ್ಲ. ಕಾಲು ಎಳೆದುಕೊಂಡರೆ ಮಾತಾಡುತ್ತಾಳೆ, ಎಳೆದುಕೊಳ್ಳದಿದ್ದರೆ ಮಾತಿಲ್ಲ. ಈ ಗುಳಿಗೆ ಉಳಿದ ಒಂದೆಳೆಯನ್ನೂ ಸಾಯಿಸುತ್ತಿದೆ ಎಂದು ತಿಳಿದೆ. ನನ್ನ ಬಿಎಸ್ಸಿ ಬುದ್ಧಿ. ದಿನಕ್ಕಿಷ್ಟು ಕಡಿಮೆ ಮಾಡುತ್ತ ನಿಲ್ಲಿಸಿಬಿಟ್ಟೆ. ಎಸೆಯಲು ಮನಸ್ಸು ಬರದೆ ಟಾರ್ಚಿನಲ್ಲಿ ತುಂಬಿದೆ.

ಹದಿನೈದು ದಿನಕ್ಕೆ ಪಾದ ಮತ್ತೆ ಸರಕ್ಕನೆ ಹೋಯಿತು. “ಥೂ, ಬಿಡ್ರೀ” ಎಂದಳು. ನಾನು ಅತ್ತುಬಿಟ್ಟೆ, ಸಂತೋಷಕ್ಕೆ.

ಆಮೇಲೆ ಕಾಲು ಉಂಗುರಕ್ಕೆ ಕಾಯಲಿಲ್ಲ. ಹೊದಿಕೆ ತಾಗಿದರೆ ಒದೆಯಿತು. ಹಿಮ್ಮಡಿ ಮಂಚದ ಪಟ್ಟಿಗೆ ಉಜ್ಜಿ ಉಜ್ಜಿ ಸುಲಿಯಿತು. ದಿಂಬು ಇಟ್ಟೆ, ಒದ್ದು ಕೆಡವಿತು. ಸುಲಿದದ್ದು ಗಾಯವಾಯಿತು, ಗಾಯ ಕರ್ರಗಾಯಿತು. ಜ್ವರ ಬಂತು. ಬಳ್ಳಾರಿಗೆ ಒಯ್ದೆವು. ಒಂಬತ್ತನೆಯ ದಿನಕ್ಕೆ ಹೋದಳು. ಮುತ್ತೈದೆಯಾಗಿ ಹೋದಳೆಂದು ಹೆಂಗಸರು ಕಾಲುಂಗುರ ಸಮೇತ ಕಳಿಸಿದರು. ಪುಣ್ಯವಂತೆ ಅಂದರು.

ಈಗ ಹೇಳಿ. ಗುಳಿಗೆ ಕೊಟ್ಟಿದ್ದರೆ ಗಾಯವಾಗುತ್ತಿತ್ತೇ? ನಾನು ಕೊಂದೆನೇ? ಹೌದು ಎಂದರೆ ಹೌದು ಎಂದೇ ಬರೆಯಿರಿ. ಅವಳ ಎಡೆಯನ್ನು ಗಾದೆಮ್ಮನ ಕೈಯಿಂದ ಇಡಿಸುತ್ತೇನೆ, ನಾನು ಹೊರಗೆ ಕಟ್ಟೆಯ ಮೇಲೆ ಕೂಡುತ್ತೇನೆ.

ಮೈಲಾರಪ್ಪ

*

ಕುರುಗೋಡು
೩ ನವೆಂಬರ್ ೨೦೨೫

ಹೇಮಾ ಮೇಡಂ,

ಇಪ್ಪತ್ತು ದಿನವಾಯಿತು. ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ. ಉತ್ತರ ಕಠಿಣವಾಗಿದ್ದಕ್ಕೇ ಬರೆಯುತ್ತಿಲ್ಲ ಎಂದುಕೊಂಡಿದ್ದೇನೆ. ಗಾದೆಮ್ಮ ನಿನ್ನೆ ಬಂದಳು. ಬೇಳೆ, ಬೆಲ್ಲ ಇಟ್ಟು, “ವರ್ಷದ ಎಡಿ ಹದಿನೆಂಟಕ್ಕ” ಎಂದಷ್ಟೇ ಹೇಳಿದಳು, ಭಾವಾ ಅನ್ನಲಿಲ್ಲ.

ಒಂದೇ ಅಕ್ಷರ ಬರೆದರೂ ಸಾಕು.

ಮೈಲಾರಪ್ಪ

*

ಸಿರುಗುಪ್ಪ
೧೦ ನವೆಂಬರ್ ೨೦೨೫

ಯಜಮಾನರೇ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಒಂದು ಅಕ್ಷರದಲ್ಲಿ ಮುಗಿಯುವುದಿಲ್ಲ.

ಗುಳಿಗೆ ಇದ್ದಿದ್ದರೆ ಕಾಲು ಅಷ್ಟು ಒದೆಯುತ್ತಿರಲಿಲ್ಲ. ಅಷ್ಟು ಒದೆಯದಿದ್ದರೆ ಹಿಮ್ಮಡಿ ಅಷ್ಟು ಸುಲಿಯುತ್ತಿರಲಿಲ್ಲ. ಗಾಯ ಬೇರೆ ಕಾರಣಕ್ಕೂ ಆಗಬಹುದಿತ್ತು, ಎಷ್ಟೋ ಜನರಿಗೆ ಆಗುತ್ತದೆ. ಆದರೆ ಗುಳಿಗೆಗೂ ಗಾಯಕ್ಕೂ ಸಂಬಂಧವಿಲ್ಲ ಎಂದು ಬರೆದರೆ ಅದು ಸುಳ್ಳು. ನಿಮಗೆ ಸುಳ್ಳು ಬರೆಯಲಾರೆ.

ಆದರೆ ಗುಳಿಗೆ ನಿಂತಿದೆ ಎಂದು ನನಗೆ ಗೊತ್ತಿತ್ತು. ಬಿಗಿಯಾದ ಕಾಲು ನನ್ನ ಕೈಗೆ ಸುಳ್ಳು ಹೇಳುವುದಿಲ್ಲ. ಒಂದು ದಿನ ನೀವು ಔಷಧದಂಗಡಿಗೆ ಹೋಗಿದ್ದಾಗ ಹೊನ್ನೂರಮ್ಮನವರನ್ನೇ ಕೇಳಿದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ, ಮರೆತಿಲ್ಲ.

“ನನಗ ಗೊತ್ತೈತಿ ಬಿಡಮ್ಮಾ. ಮೂರಿದ್ದ ಗುಳಿಗಿ ಎಲ್ಡಾಗ್ಯಾವು. ಎದಿ ಕೆಳಗ ಸತ್ತೀನಿ ಖರೆ, ಎಣಿಸಾಕ ಬರದಂಗ ಆಗೀನೇನು?”

“ಹಂಗಾದ್ರ ಯಾಕ ಸುಮ್ಮನದೀರಿ? ಉಂಗುರ ತಿರುವಿದ್ದು ನಿಮಗ ಗೊತ್ತಾಗ್ತತೇನು?” ಎಂದೆ.

“ಎಲ್ಲಿಂದ ಗೊತ್ತಾಗಬೇಕು? ಕಾಲು ಅದಾವೋ ಇಲ್ಲೋ ಅನ್ನಾದ ಗೊತ್ತಿಲ್ಲ. ಕನ್ನಡ್ಯಾಗ ಕಾಣ್ತತಿ. ಆತ ಬಗ್ಗಿ ಕುಂದರ್ತಾನ, ಕಾಲು ಜಗ್ಗಿದ ಕೂಡ್ಲೆ ಮುಖ ಹಿಂಗ ಅರಳ್ತತಿ. ಮೊದಲ್ನೇ ದಿನ ಕುಂಕುಮ ನೋಡಾಕಂತ ಕಣ್ಣೆತ್ತಿದೆ, ಆ ಮುಖ ಕಾಣ್ತು. ಲಗ್ನದಾಗ ಹಂಗ ನಕ್ಕಿದ್ದ. ಬಾಯಿಗೆ ತಾನಾ ಬಂದ್ಬಿಡ್ತು, ಥೂ ಬಿಡ್ರೀ ಅಂತ. ಅಂದ ಮ್ಯಾಲ ನಿಲ್ಲಿಸಾಕ ಆಗಲಿಲ್ಲ.”

ಡಾಕ್ಟರಿಗೆ ಹೇಳುತ್ತೇನೆ ಎಂದೆ. ಕೈ ಹಿಡಿದುಕೊಂಡರು. “ಆತಗ ಬೈತಾರ. ಕಾಲು ಅಂತೂ ಹೋದ್ವು, ಆತನ ಆಸೇನೂ ತಗೀಬೇಕೇನು? ನಿನಗ ಆಣಿ ಐತಿ” ಎಂದರು.

ನಾನು ಸುಮ್ಮನಾದೆ. ಚಾರ್ಟಿನಲ್ಲಿ ‘ಬಿಗಿ ಹೆಚ್ಚಿದೆ’ ಎಂದು ಬರೆದೆ, ಯಾಕೆ ಎಂದು ಬರೆಯಲಿಲ್ಲ. ಅದು ನನ್ನ ಕೆಲಸವಾಗಿತ್ತು. ಅವರು ಹೋದ ತಿಂಗಳೇ ಆ ನೌಕರಿ ಬಿಟ್ಟೆ. ನಿಮ್ಮ ಎರಡನೆಯ ಕಾಗದದಲ್ಲಿ ತಾರೀಖು ಕೇಳಿದಾಗ ಸಿಕ್ಕಿಬಿದ್ದೆ ಎಂದುಕೊಂಡು ಒರಟಾಗಿ ಬರೆದೆ. ಕ್ಷಮಿಸಿ ಎನ್ನಲು ಬಾಯಿಲ್ಲ.

ನಿಮ್ಮೊಬ್ಬರದೇ ಕೈಯಲ್ಲ. ಎಡೆಯನ್ನು ಯಾರು ಇಡಬೇಕೆಂದು ಹೇಳುವ ಯೋಗ್ಯತೆ ನನಗಿಲ್ಲ. ಅವರನ್ನು ಕೇಳಿದ್ದರೆ ಏನು ಹೇಳುತ್ತಿದ್ದರೆಂದು ನಮಗಿಬ್ಬರಿಗೂ ಗೊತ್ತು.

ಹೇಮಾ

*

ಕುರುಗೋಡು
೨೦ ನವೆಂಬರ್ ೨೦೨೫

ಹೇಮಮ್ಮನಿಗೆ,

ನಿನ್ನ ಕಾಗದ ಹದಿನಾಲ್ಕಕ್ಕೆ ಬಂತು. ಏಕವಚನಕ್ಕೆ ಬೇಸರ ಬೇಡ, ಅವಳು ನಿನ್ನನ್ನು ಹಾಗೇ ಕರೆಯುತ್ತಿದ್ದಳು.

ಕಾಗದವನ್ನು ಗಾದೆಮ್ಮನ ಕೈಗೆ ಕೊಟ್ಟೆ. ನಿಧಾನ ಓದುತ್ತಾಳೆ, ತುಟಿ ಆಡಿಸುತ್ತ. ಮುಗಿಸಿ, “ನಮ್ಮಕ್ಕ ಸಣ್ಣಾಕಿದ್ದಾಗೂ ಹಂಗ, ಸುಳ್ಳು ಹೇಳಿದ್ರ ಸಿಕ್ಕಿ ಬೀಳ್ತಿದ್ದಿಲ್ಲ” ಎಂದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಜೋರಾಗಿ, “ನಿಮ್ಮನ್ನ ಮಾಫ್ ಮಾಡೀನಿ ಅನ್ಕಾಬ್ಯಾಡ್ರಿ ಭಾವಾ. ಹೋಳಿಗಿ ಆರ್ತಾವು, ಹದಿನೆಂಟಕ್ಕ ಲಗೂನ ಜಳಕ ಮಾಡ್ರಿ” ಎಂದಳು. ಭಾವಾ ಎಂದಳಲ್ಲ, ಅಷ್ಟು ಸಾಕೆನಿಸಿತು.

ಎಡೆ ನಾನೇ ಇಟ್ಟೆ. ತುಪ್ಪ ಎಲೆಯ ಆಚೆ ಚೆಲ್ಲಿತು.

ಎಲ್ಲ ಮುಗಿದು ಜನ ಹೋದ ಮೇಲೆ, ಮಧ್ಯಾಹ್ನ, ಆ ಕೋಣೆಗೆ ಹೋದೆ. ಮಂಚ, ಸ್ಟೂಲು, ಬೀರು ಇದ್ದಲ್ಲೇ ಇವೆ. ಮೊದಲು ಮಂಚದ ಮೇಲೆ ಅವಳ ಮಗ್ಗುಲಿಗೆ ಮಲಗಿ ಕನ್ನಡಿ ನೋಡಿದೆ. ಪಾದ ಇರುವ ಕಡೆ ಕಾಣುವುದಿಲ್ಲ, ಮಂಚದ ಕಟ್ಟು ಅಡ್ಡ ಬರುತ್ತದೆ. ಸ್ಟೂಲಿನ ಮೇಲೆ ಕೂತವನ ಮುಖ ಕಾಣುವಷ್ಟೇ ಜಾಗ. ಒಂದೂವರೆ ವರ್ಷ ಅವಳು ನೋಡಿದ್ದು ಅಷ್ಟೇ.

ಆಮೇಲೆ ಎದ್ದು ಸ್ಟೂಲಿನ ಮೇಲೆ ಕೂತೆ. ದಿನಾ ಕೂತಂತೆ ಬಗ್ಗಿದೆ. ಬಗ್ಗಿದವನು ತಲೆ ಎತ್ತಿದೆ. ಕನ್ನಡಿಯಲ್ಲಿ ಅವಳ ದಿಂಬು ಪೂರ್ತಿ ಕಾಣಿಸಿತು, ಕಸೂತಿಯ ಹೂವು ಕೂಡ. ಒಂದೇ ಒಂದು ಸಂಜೆ ಹೀಗೆ ತಲೆ ಎತ್ತಿದ್ದರೆ ಅವಳ ಕಣ್ಣು ಸಿಗುತ್ತಿತ್ತು, ತಾಯಿ. ಎಲ್ಲ ಅಲ್ಲಿಗೇ ಗೊತ್ತಾಗುತ್ತಿತ್ತು. ಗುಳಿಗೆ ಟಾರ್ಚಿನಿಂದ ಹೊರಗೆ ಬರುತ್ತಿತ್ತು. ನಾನು ಕಾಲು ನೋಡುತ್ತ ಕೂತೆ.

ಅವಳಿಗೆ ಬೇಕಾಗಿದ್ದ ಮುಖವನ್ನು ಒಂದು ಸಲ ತೋರಿಸೋಣವೆಂದು, ಕನ್ನಡಿ ನೋಡಿಕೊಂಡು ನಗಲು ಹೊರಟೆ. ಹುಕುಂ ಮೇಲಿನಿಂದಲೇ ಕೊಟ್ಟೆ, ತಂತಿಯೂ ಕಡಿದಿಲ್ಲ. ಬರಲಿಲ್ಲ.

ಟಾರ್ಚಿಗೆ ಸೆಲ್ ಹಾಕಿಸಿದ್ದೇನೆ. ಗುಳಿಗೆಗಳನ್ನು ಏನು ಮಾಡಲಿ, ತಿಳಿಸು.

ಮೈಲಾರಪ್ಪ